ಎರಡು ನಕ್ಷೆಯ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರ ಕಾಲದಲ್ಲಿ ಪ್ಲಾನ್ ಸ್ಯಾಂಕ್ಷನ್ ಎಂಬುದಿರಲಿಲ್ಲ. ಇದ್ದಿದ್ದರೆ ಗಾದೆಯಲ್ಲಿ ಮದುವೆಗೆ ಜಾಗವೇ ಸಿಗುತ್ತಿರಲಿಲ್ಲವೇನೋ!

ನಿವೃತ್ತರಾದ ಹೈಸ್ಕೂಲು ಮೇಷ್ಟ್ರೊಬ್ಬರು ಬೆಂಗಳೂರಿನ ಅಂಚಿನಲ್ಲಿ ಮನೆ ಕಟ್ಟಲು ಹೊರಟಿದ್ದಾರೆ ಎಂದುಕೊಳ್ಳಿ. ಮೂವತ್ತು-ಐವತ್ತರ ಸೈಟು. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ ಎಲ್ಲವನ್ನೂ ಮೇಷ್ಟ್ರು ಉತ್ತರಪತ್ರಿಕೆಗಳ ಹಾಗೆ ಜೋಡಿಸಿ ದಾರ ಕಟ್ಟಿದರು. ಎಂಜಿನಿಯರ್ ನಕ್ಷೆ ಬರೆದುಕೊಟ್ಟರು. ನೆಲ ಅಂತಸ್ತು, ಮೇಲೊಂದು ಅಂತಸ್ತು, ಸುತ್ತ ನಿಯಮದಷ್ಟು ಖಾಲಿ ಜಾಗ, ಮೂಲೆಯಲ್ಲಿ ಮಳೆನೀರಿನ ಇಂಗುಗುಂಡಿ. (ಬೆಂಗಳೂರಿನಲ್ಲಿ 1200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು 2009ರಲ್ಲೇ ಕಡ್ಡಾಯವಾಯಿತು.) ಮಂಜೂರಾತಿಗೆ ಮೊದಲಿನಷ್ಟು ಅಲೆದಾಟವೂ ಇರಲಿಲ್ಲ. ಐವತ್ತು-ಎಂಬತ್ತರವರೆಗಿನ ಸೈಟುಗಳಿಗೆ ಎಂಜಿನಿಯರೇ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿ ತಾತ್ಕಾಲಿಕ ಮಂಜೂರಾತಿ ಪಡೆಯುವ 'ನಂಬಿಕೆ ನಕ್ಷೆ' 2024ರಲ್ಲಿ ಬಂದಿತ್ತು.

ನಿಜವಾದ ಕತೆ ಶುರುವಾಗುವುದು ಮಂಜೂರಾದ ಮೇಲೆ.

ಮಾರ್ಕಿಂಗ್ ದಿನ ಸುಣ್ಣದ ಗೆರೆ ನೋಡಿ ಮೇಸ್ತ್ರಿ ನಕ್ಕ. "ಏನ್ ಸಾರ್, ಇಷ್ಟು ಜಾಗ ಬಿಟ್ಟರೆ ಒಳಗೇನು ಉಳಿಯುತ್ತೆ? ಪಕ್ಕದ ಮನೆ ನೋಡಿ, ಒಂದಡಿ ಬಿಟ್ಟಿದಾರಾ?" ಪಕ್ಕದ ಮನೆಯವರು ಬಿಟ್ಟಿರಲಿಲ್ಲ. "ಕಾಂಪೌಂಡಿನ ಪಕ್ಕ ಜಾಗ ಬಿಟ್ಟು ಯಾರು ಓಡಾಡ್ತಾರೆ ರೀ? ಅದೇ ಅಡುಗೆಮನೆಗೆ ಸೇರಿದರೆ ಡೈನಿಂಗ್ ಟೇಬಲ್ ಹಿಡಿಯುತ್ತೆ" ಎಂದು ಮನೆಯಾಕೆಯೂ ದನಿಗೂಡಿಸಿದರು. ವಾಸ್ತು ನೋಡಲು ಬಂದವರು ಮೆಟ್ಟಿಲನ್ನು ಹೊರಗೆ ಹಾಕಿಸಿದರು. ಪಿಂಚಣಿ ಸಾಲದೆಂಬ ಲೆಕ್ಕದಲ್ಲಿ, ನಕ್ಷೆಯಲ್ಲಿಲ್ಲದ ಮೂರನೆಯ ಮೋಲ್ಡೂ ಬಿತ್ತು. ಬಾಡಿಗೆ ಬರುತ್ತದಲ್ಲ!

ಬದಲಾವಣೆ ಬೇಕೇಬೇಕೆಂದಿದ್ದರೆ ದಾರಿಯಿತ್ತು. ಗೋಡೆ ಏಳುವ ಮೊದಲೇ ಎಂಜಿನಿಯರಿಂದ ನಕ್ಷೆ ತಿದ್ದಿಸಿ, ನಿಯಮ ಒಪ್ಪುವಷ್ಟಕ್ಕೆ ಮತ್ತೆ ಮಂಜೂರಾತಿ ಪಡೆಯಬಹುದಿತ್ತು. ಆದರೆ ಕಂಬಿ, ಸಿಮೆಂಟು ಬಂದು ಬಿದ್ದಿರುವಾಗ, ದಿನಗೂಲಿ ಏರುತ್ತಿರುವಾಗ ಅಷ್ಟು ತಾಳ್ಮೆ ಯಾರಿಗೆ?

"ಅಕ್ರಮ-ಸಕ್ರಮ ಬರುತ್ತೆ ಬಿಡಿ ಸಾರ್" ಎಂಬ ಮೇಸ್ತ್ರಿಯ ಮಾತು ಎಷ್ಟೋ ಮನೆಗಳ ತಳಪಾಯದಲ್ಲಿದೆ. ಸರ್ಕಾರ ಅದಕ್ಕೆಂದು ಕಾನೂನು ತಿದ್ದಿದ್ದು 2007ರಲ್ಲಿ, ನಿಯಮ ತಂದದ್ದು 2014ರಲ್ಲಿ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದನ್ನು ನಂಬಿ ಹಾಕಿದ ಮೋಲ್ಡುಗಳು ಮಾತ್ರ ಇಳಿಯಲಿಲ್ಲ.

ಹಿಂದೆಲ್ಲ ಇಂಥ ಮನೆಗೂ ಹೇಗೋ ದೀಪ ಹತ್ತುತ್ತಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಹೇಳಿದ್ದು ಬೇರೆ: ಮುಕ್ತಾಯ ಪತ್ರ ಅಥವಾ ಸ್ವಾಧೀನ ಪತ್ರ ತೋರಿಸಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ, ಬ್ಯಾಂಕುಗಳೂ ಕಟ್ಟಡದ ಮೇಲೆ ಸಾಲ ಕೊಡುವ ಮುನ್ನ ಅದನ್ನು ನೋಡಬೇಕು. ಈ ಪತ್ರ ಬೇಕೆಂದರೆ ಕಟ್ಟಿದ ಮನೆ ಮಂಜೂರಾದ ನಕ್ಷೆಗೆ ಹೊಂದಬೇಕು. ಅಲ್ಪಸ್ವಲ್ಪ ವ್ಯತ್ಯಾಸವಾದರೆ ದಂಡ ಕಟ್ಟಿ ಪಾರಾಗಬಹುದು. ಇಡೀ ಅಂತಸ್ತೇ ಹೆಚ್ಚಾದರೆ ಆ ಬಾಗಿಲು ಮುಚ್ಚಿದಂತೆ. ಬೆಂಗಳೂರಿನ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ 2025ರಲ್ಲಿ ಸ್ವಾಧೀನ ಪತ್ರದಿಂದ ವಿನಾಯಿತಿ ಸಿಕ್ಕಿತು. ಮೇಷ್ಟ್ರ ಸೈಟು 1500.

ಹೀಗಾಗಿ ಗೃಹಪ್ರವೇಶ ಆದದ್ದು ಕಟ್ಟಡದ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದ ಬೆಳಕಿನಲ್ಲಿ. ಅದರ ದರ ಹೆಚ್ಚು. ಬಿಲ್ಲು ನೋಡಿ ಮನೆಯಾಕೆ ಫ್ಯಾನು ಆರಿಸುತ್ತಾರೆ. ಬಾಡಿಗೆಗೆ ಕೇಳಲು ಬಂದವರು ಮೀಟರು ಎಲ್ಲಿ ಎಂದು ವಿಚಾರಿಸಿ ಹೋಗುತ್ತಾರೆ.

ಕೊನೆಗೆ ಮೇಷ್ಟ್ರು ಎಂಜಿನಿಯರನ್ನೇ ಕರೆಸಿದರು. ಅವರು ಮಂಜೂರಾದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಟೇಪು ಹಿಡಿದು ಒಂದು ಸುತ್ತು ಬಂದರು.

"ಸಾರ್, ಈ ಮೇಜು ಇದೆಯಲ್ಲ, ನಕ್ಷೆಯ ಪ್ರಕಾರ ಇದು ಮನೆಯ ಹೊರಗಿದೆ."

ಮೇಷ್ಟ್ರು ಮೇಸ್ತ್ರಿಗೆ ಫೋನು ಹಚ್ಚಿದರು. ರಿಂಗಾಗುತ್ತಲೇ ಇತ್ತು.