ಬರೆದಿಡದ ಪಾಲು: ‘ದಿ ಸ್ಮಿತ್ಸ್’ ಒಡೆದ ಬಗೆ

ಮ್ಯಾಂಚೆಸ್ಟರ್ ನಗರದ ‘ದಿ ಸ್ಮಿತ್ಸ್’ ಬ್ಯಾಂಡು 1987ರಲ್ಲಿ ಒಡೆದುಹೋದುದನ್ನು ಗಾಯಕ ಮಾರಿಸ್ಸಿ ಮತ್ತು ಗಿಟಾರ್ ವಾದಕ ಜಾನಿ ಮಾರ್ ಅವರ ನಡುವಿನ ಮನಸ್ತಾಪದ ಕಥೆಯಾಗಿ ಹೇಳುವುದು ರೂಢಿಯಾಗಿದೆ. ಆದರೆ ತಂಡದ ಹಣಕಾಸಿನ ನಡಾವಳಿಯನ್ನೂ ಅದರ ಬಗ್ಗೆ ಮುಂದೆ ಬಂದ ನ್ಯಾಯಾಲಯದ ತೀರ್ಪನ್ನೂ ಜೊತೆಗಿಟ್ಟು ನೋಡಿದಾಗ, ಹಾಡು ಕಟ್ಟುವುದರಲ್ಲಿ ಅಸಾಧಾರಣ ಶಿಸ್ತು ತೋರಿದ ನಾಲ್ವರು ಯುವಕರು ತಮ್ಮ ಕೂಡುಕಸುಬಿನ ಕರಾರನ್ನು ಒಂದು ಹಾಳೆಯಲ್ಲೂ ಬರೆದಿಡದೆ ಹೋದದ್ದೇ ಹೆಚ್ಚು ಆಳದ ಕಾರಣವಾಗಿ ಕಾಣುತ್ತದೆ.

1982ರಲ್ಲಿ ಮಾರ್ ಮತ್ತು ಮಾರಿಸ್ಸಿ ಕೂಡಿ ಆರಂಭಿಸಿದ ಈ ತಂಡಕ್ಕೆ ಬಾಸ್ ಗಿಟಾರ್ ನುಡಿಸುವ ಆ್ಯಂಡಿ ರೂರ್ಕ್, ಡ್ರಮ್ಸ್ ನುಡಿಸುವ ಮೈಕ್ ಜಾಯ್ಸ್ ಸೇರಿಕೊಂಡರು. ಅವರ ಮೊದಲ ಹಾಡನ್ನು 1983ರಲ್ಲಿ ಹೊರತಂದದ್ದು ಲಂಡನ್ನಿನ ‘ರಫ್ ಟ್ರೇಡ್’. ಜೆಫ್ ಟ್ರಾವಿಸ್ 1976ರಲ್ಲಿ ತೆರೆದ ರೆಕಾರ್ಡ್ ಅಂಗಡಿಯಿಂದ ಬೆಳೆದ ಈ ಸಂಸ್ಥೆಯು ಇಂಡಿ ಲೇಬಲ್, ಅಂದರೆ ದೊಡ್ಡ ಕಂಪನಿಗಳ ಬಂಡವಾಳಕ್ಕೂ ವಿತರಣೆಗೂ ಕೈಚಾಚದೆ, ಸಣ್ಣ ವಿತರಕರ ಜಾಲವೊಂದನ್ನು ಕಟ್ಟಿಕೊಂಡು ರೆಕಾರ್ಡುಗಳನ್ನು ಮಾರುತ್ತಿದ್ದ ಸ್ವತಂತ್ರ ಪ್ರಕಾಶನ. ಅಂಥದ್ದೊಂದು ವ್ಯವಸ್ಥೆಯಿಂದ ಬಂದ ‘ಮೀಟ್ ಈಸ್ ಮರ್ಡರ್’ ಆಲ್ಬಂ 1985ರಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು ಎಂಬುದನ್ನು ಸಣ್ಣ ಸಾಧನೆಯೆಂದು ಯಾರೂ ತಳ್ಳಿಹಾಕಲಾಗದು.

ಈ ಯಶಸ್ಸಿನ ಮೂಲ ಗಿಟಾರಿನಲ್ಲಿತ್ತು. ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವೇ ಜನಪ್ರಿಯ ಸಂಗೀತವನ್ನು ಆಳುತ್ತಿದ್ದ ಕಾಲದಲ್ಲಿ ಮಾರ್, ರಾಕ್ ಸಂಗೀತದ ಉದ್ದುದ್ದ ಏಕವಾದನದ ಆಡಂಬರವನ್ನು ಬಿಟ್ಟು, ಸ್ವರಗುಚ್ಛಗಳನ್ನು ಬಿಡಿಬಿಡಿಯಾಗಿ ಮೀಟಿ, ಒಂದರ ಮೇಲೊಂದು ಪದರವಾಗಿ ಜೋಡಿಸುವ ಶೈಲಿಯನ್ನು ರೂಪಿಸಿದರು. ‘ಹೌ ಸೂನ್ ಈಸ್ ನೌ’ ಹಾಡಿನ ಧ್ವನಿಮುದ್ರಣ ಇದಕ್ಕೆ ಒಳ್ಳೆಯ ನಿದರ್ಶನ. ಧ್ವನಿಯನ್ನು ತಾಳಬದ್ಧವಾಗಿ ಏರಿಳಿಸುವ ಟ್ರೆಮೊಲೊ ಎಂಬ ಸೌಲಭ್ಯವಿದ್ದ ಹಲವು ಆಂಪ್ಲಿಫೈಯರುಗಳ ಮೂಲಕ ಮೊದಲೇ ನುಡಿಸಿಟ್ಟ ಗಿಟಾರನ್ನು ಹಾಯಿಸಿ, ಮಾರ್ ಮತ್ತು ನಿರ್ಮಾಪಕ ಜಾನ್ ಪೋರ್ಟರ್ ಅವುಗಳ ವೇಗವನ್ನು ಕೈಯಿಂದಲೇ ತಿದ್ದುತ್ತ, ತಾಳ ತಪ್ಪಿದಾಗಲೆಲ್ಲ ಟೇಪನ್ನು ಹಿಂದಕ್ಕೆ ಸುತ್ತಿ, ತುಣುಕು ತುಣುಕಾಗಿ ಮುದ್ರಿಸಿಕೊಂಡರು. ಇಷ್ಟು ತಾಳ್ಮೆಯಿಂದ ಮೂಡಿದ ಈ ಹಾಡು 1984ರಲ್ಲಿ ಮೊದಲು ಬಂದದ್ದು ಬೇರೊಂದು ಹಾಡಿನ ರೆಕಾರ್ಡಿನ ಹಿಂಬದಿಯಲ್ಲಿ! ಕೈಗೆ ಸಿಕ್ಕಿದ್ದರ ಬೆಲೆಯನ್ನು ಅಳೆಯಬಲ್ಲ ವ್ಯವಹಾರಬುದ್ಧಿ ಆ ವಲಯದಲ್ಲಿ ಎಷ್ಟು ತೆಳುವಾಗಿತ್ತು ಎಂಬುದನ್ನು ಇದೊಂದೇ ಸಂಗತಿ ತೋರಿಸುತ್ತದೆ.

ಆ ಕೊರತೆ ಮುಂದೆ ದುಬಾರಿಯಾಯಿತು. ಆರಂಭದ ದಿನಗಳಲ್ಲಿ ಬೆಂಬಲಕ್ಕಿದ್ದ ಜೋ ಮಾಸ್ ದೂರವಾದ ಮೇಲೆ ತಂಡದಲ್ಲಿ ಯಾವ ವ್ಯವಸ್ಥಾಪಕರೂ ಬಹುಕಾಲ ನಿಲ್ಲಲಿಲ್ಲವಾಗಿ, ಸಂಗೀತ ಹೊಸೆಯಬೇಕಾದ ಮಾರ್ ಅವರ ಹೆಗಲಿಗೇ ಆಡಳಿತದ ಹೊರೆಯೂ ಬಿತ್ತು. ಕರಾರಿನ ಬಗ್ಗೆ ರಫ್ ಟ್ರೇಡ್ ಜೊತೆ ಎದ್ದ ತಕರಾರು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ‘ದ ಕ್ವೀನ್ ಈಸ್ ಡೆಡ್’ ಆಲ್ಬಂ ಸಿದ್ಧವಾಗಿದ್ದರೂ ತಿಂಗಳುಗಟ್ಟಲೆ ತಡವಾಗಿ, 1986ರ ಜೂನ್‌ನಲ್ಲಿ ಹೊರಬಂತು. ಅದೇ ವರ್ಷ ದೊಡ್ಡ ಕಂಪನಿಯಾದ ಇಎಂಐ ಜೊತೆ ಒಪ್ಪಂದವಾದರೂ, ಅದಕ್ಕಾಗಿ ಒಂದು ಆಲ್ಬಮ್ಮನ್ನೂ ಮಾಡುವ ಮೊದಲೇ, 1987ರ ಬೇಸಿಗೆಯಲ್ಲಿ, ಬಳಲಿಹೋಗಿದ್ದ ಮಾರ್ ಹೊರನಡೆದರು. ಆಗ ಅವರಿಗೆ 23 ವರ್ಷ. ಕೊನೆಯ ಆಲ್ಬಂ ಕೇಳುಗರ ಕೈಸೇರುವಾಗ ಬ್ಯಾಂಡೇ ಇರಲಿಲ್ಲ.

ಉಳಿದದ್ದು ಹಣದ ಪ್ರಶ್ನೆ. ಹಾಡು ರಚಿಸಿದವರಿಗೆ ಸಲ್ಲುವ ರಾಯಧನ ಮಾರಿಸ್ಸಿ ಮತ್ತು ಮಾರ್ ಅವರದೇ ಎಂಬುದರಲ್ಲಿ ವಿವಾದವಿರಲಿಲ್ಲ. ಧ್ವನಿಮುದ್ರಣ ಮತ್ತು ಕಛೇರಿಗಳ ಗಳಿಕೆಯಲ್ಲೂ ಅವರಿಬ್ಬರು ಶೇ 40ರಂತೆ ಪಡೆದು, ರೂರ್ಕ್ ಮತ್ತು ಜಾಯ್ಸ್ ಅವರಿಗೆ ಶೇ 10ರಂತೆ ಕೊಟ್ಟದ್ದೇ ವ್ಯಾಜ್ಯಕ್ಕೆ ಕಾರಣವಾಯಿತು. ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಪಾಲುದಾರರೆಲ್ಲರಿಗೂ ಲಾಭ ಸಮನಾಗಿ ಸಲ್ಲತಕ್ಕದ್ದು ಎನ್ನುವ 1890ರ ಪಾಲುದಾರಿಕೆ ಕಾಯ್ದೆಯನ್ನು ಜಾಯ್ಸ್ ಆಶ್ರಯಿಸಿದರು. ಭಾರತದ 1932ರ ಪಾಲುದಾರಿಕೆ ಕಾಯ್ದೆಯಲ್ಲಿಯೂ ಇದೇ ನಿಯಮವಿದೆ. 1996ರ ಡಿಸೆಂಬರಿನಲ್ಲಿ ನ್ಯಾಯಾಲಯ ಶೇ 25ರ ಪಾಲು ಜಾಯ್ಸ್ ಅವರದೆಂದು ತೀರ್ಪಿತ್ತಿತು, 1998ರಲ್ಲಿ ಮಾರಿಸ್ಸಿ ಅವರ ಮೇಲ್ಮನವಿಯೂ ಬಿದ್ದುಹೋಯಿತು.

ಈ ತೀರ್ಪು ನ್ಯಾಯವಾದದ್ದೇ. ಹಾಡು ಬರೆಯುವವನ ಪ್ರತಿಭೆಗೆ ರಚನೆಯ ರಾಯಧನದಲ್ಲಿ ಪ್ರತಿಫಲ ಸಂದಿರುವಾಗ, ವೇದಿಕೆಯ ಮೇಲೆ ಜೊತೆಗೆ ನಿಂತು ನುಡಿಸಿದವರನ್ನು ಕೂಲಿಯವರಂತೆ ಕಾಣುವುದಕ್ಕೆ ಆಧಾರವಿಲ್ಲ; ರೂರ್ಕ್ ಅವರ ಬಾಸ್ ವಾದನವಂತೂ ಎಷ್ಟೋ ಹಾಡುಗಳಲ್ಲಿ ಎರಡನೆಯ ರಾಗವಾಗಿಯೇ ಹರಿಯುತ್ತದೆ. ಆದರೂ ಹಣದ ಅಡಚಣೆಯಲ್ಲಿದ್ದ ರೂರ್ಕ್ 1989ರಲ್ಲಿಯೇ 83,000 ಪೌಂಡುಗಳ ಇಡುಗಂಟಿಗೆ ರಾಜಿಯಾಗಿ, ಮುಂದಿನ ಗಳಿಕೆಯಲ್ಲಿ ಶೇ 10ಕ್ಕೇ ಒಪ್ಪಿಕೊಂಡಿದ್ದರಿಂದ, ಸರಿಸಮನಾದ ಹಕ್ಕಿದ್ದ ಇಬ್ಬರಲ್ಲಿ ಕಾದು ಹೋರಾಡಬಲ್ಲವರಿಗೆ ಕಾಲುಭಾಗ, ಕಾಯಲಾರದವರಿಗೆ ಹತ್ತನೆಯ ಒಂದು ಭಾಗ ಎಂದಾಯಿತು.