ಮಗು ಸುಮ್ಮನಿದ್ದರೆ ನೋವಿಲ್ಲ ಎಂದಲ್ಲ

ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಹೆಚ್ಚಾಗಿ ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಕಾಣಿಸುತ್ತದೆ. ಬಾಗು ತೀವ್ರವಾದರೆ ಲೋಹದ ಸರಳು, ಸ್ಕ್ರೂ ಹಾಕಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಂತರದ ಎರಡು-ಮೂರು ದಿನ ನೋವು ಬಹಳ.

'ಆಪರೇಷನ್ ಅಂದ ಮೇಲೆ ನೋವು ಇದ್ದದ್ದೇ, ತಡಕೋ' ಎಂದು ಹಿರಿಯರು ಹೇಳುವುದುಂಟು. ಇದು ತಪ್ಪು. ನೋವಿಗೆ ಹೆದರಿದ ಮಗು ದೀರ್ಘವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಎದ್ದು ನಡೆಯುವುದೂ ತಡವಾಗುತ್ತದೆ.

ಮಾರ್ಫಿನ್ ಚಟ ಹಿಡಿಸುತ್ತದೆಂದು ಅನೇಕರಿಗೆ ಭಯ. ಆಸ್ಪತ್ರೆಯಲ್ಲಿ ವೈದ್ಯರ ನಿಗಾದಲ್ಲಿ, ತೂಕಕ್ಕೆ ತಕ್ಕಂತೆ ಕೆಲವೇ ದಿನ ಕೊಟ್ಟರೆ ಆ ಸಂಭವ ತೀರಾ ಕಡಿಮೆ. ಜೊತೆಗೆ ಪ್ಯಾರಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಟ್ಟರೆ ಮಾರ್ಫಿನ್ ಕಡಿಮೆ ಸಾಕಾಗುತ್ತದೆ. ಅದರಿಂದ ವಾಂತಿ, ತುರಿಕೆ, ಮಲಬದ್ಧತೆ ಬರಬಹುದು. ಇವಕ್ಕೆ ಔಷಧಿ ಇದೆ. ಮಗು ವಿಪರೀತ ಮಂಪರಾದರೆ, ಉಸಿರು ನಿಧಾನವಾದರೆ ಮಾತ್ರ ತಡಮಾಡದೆ ನರ್ಸನ್ನು ಕರೆಯಿರಿ.

ನೋವೆಷ್ಟೆಂದು ಮಗುವನ್ನೇ ಕೇಳಿ. ನೋವಿಲ್ಲದಿದ್ದರೆ 0, ತಡೆಯಲಾಗದಿದ್ದರೆ 10. ಚಿಕ್ಕವರಿಗೆ ನಗುವ, ಅಳುವ ಮುಖಗಳ ಚಿತ್ರ ತೋರಿಸಿ. ಸೂಜಿಗೆ ಹೆದರಿ 'ನೋವಿಲ್ಲ' ಎನ್ನುವ ಮಕ್ಕಳೂ ಇದ್ದಾರೆ. ಔಷಧಿಯನ್ನು ಬಾಟಲಿಯ ನಳಿಕೆಯಲ್ಲೇ ಕೊಡಬಹುದೆಂದು ತಿಳಿಹೇಳಿ.

ಮನೆಗೆ ಬಂದ ಮೇಲೆ ವೈದ್ಯರು ಬರೆದ ಪ್ರಮಾಣವನ್ನು ಮೀರಬೇಡಿ. ಆಸ್ಪಿರಿನ್ ಕೊಡಲೇಬೇಡಿ. ಜ್ವರ, ಗಾಯದಲ್ಲಿ ಕೀವು, ಕಾಲಿನಲ್ಲಿ ಹೊಸದಾಗಿ ಜೋಮು ಅಥವಾ ನಿಶ್ಶಕ್ತಿ, ಮೂತ್ರ ಕಟ್ಟುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ದಿನವೇ 'ನೋವಿಗೆ ಏನು ವ್ಯವಸ್ಥೆ?' ಎಂದು ಕೇಳಿ. ಅದಕ್ಕೆ ಸಂಕೋಚ ಬೇಡ.