ಸೂರ್ಯಾಸ್ತದ ದೋಣಿ ಮತ್ತು ನಮ್ಮ ಸೃಷ್ಟಿಪ್ರೀತಿ

ಸೃಷ್ಟಿಯನ್ನು ಕಂಡು ಸೃಷ್ಟಿಕರ್ತನನ್ನು ಸ್ತುತಿಸಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಇದೇ ಬೋಧನೆಯನ್ನು ಮುಂದಿಟ್ಟುಕೊಂಡು ಬಾಪೂಜಿ ನಗರ, ವಿಜಯನಗರ, ಕೆಂಗೇರಿ ಕಡೆಯ ನಮ್ಮ ಕುಟುಂಬಗಳು ರಜೆ ಬಂದೊಡನೆ ಗೋವೆಗೋ ಕಾರವಾರಕ್ಕೋ ಹೊರಡುತ್ತವೆ. ಅಲ್ಲಿ ಸೂರ್ಯಾಸ್ತದ ಹೊತ್ತಿನ ದೋಣಿವಿಹಾರ, ಊಟ, ಪಾನೀಯ, ಸಂಗೀತ. ಎಲ್ಲದರ ಜೊತೆಗೆ ಡಾಲ್ಫಿನ್ ದರ್ಶನ. ಅನುಕೂಲವುಳ್ಳವರು ಶ್ರೀಲಂಕಾದ ಮಿರಿಸ್ಸಾದವರೆಗೂ ಹೋಗಿ ನೀಲಿ ತಿಮಿಂಗಿಲವನ್ನು ನೋಡಿ ಬರುತ್ತಾರೆ. ಬಂದವರು, "ದೇವರ ಮಹಿಮೆಯನ್ನು ಕಣ್ಣಾರೆ ಕಂಡೆವು, ಫಾದರ್" ಎನ್ನುತ್ತಾರೆ. ಪ್ರವಾಸ ಪಾಪವೆಂದು ನಾನು ಹೇಳುವುದಿಲ್ಲ. ಆದರೆ ಈ ವಿಹಾರಕ್ಕೆ ಭಕ್ತಿಯ ಹೆಸರಿಡುವುದನ್ನು ಒಪ್ಪಲಾರೆ.

ಮೊದಲು ಆ ದೋಣಿಯ ಕೆಳಗಿನ ನೀರಿನಲ್ಲಿ ನಡೆಯುವುದೇನೆಂದು ತಿಳಿಯೋಣ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಪ್ರವಾಸಿಗರಿಗೆ ಹೆಚ್ಚಾಗಿ ಕಾಣಿಸುವುದು ಹಂಪ್‌ಬ್ಯಾಕ್ ಡಾಲ್ಫಿನ್. ಇದು ಆಳ ಸಮುದ್ರದ ಜೀವಿಯಲ್ಲ. ದಡಕ್ಕೆ ಹತ್ತಿರದ ಆಳವಿಲ್ಲದ ನೀರು, ಕಾಳಿ ನದಿಯಂತಹ ಹೊಳೆಗಳು ಕಡಲನ್ನು ಸೇರುವ ಅಳಿವೆಗಳು, ಇವೇ ಅದರ ಮನೆ. ಆದ್ದರಿಂದ ನಮ್ಮ ಬಲೆ, ಬಂದರು, ಕೊಳಚೆ, ಎಂಜಿನ್ ಎಲ್ಲವೂ ಅದಕ್ಕೇ ಮೊದಲು ತಾಗುತ್ತವೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. 1972ರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೂ ತಿಮಿಂಗಿಲಗಳಿಗೂ ಮೊದಲನೆಯ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಡಾಲ್ಫಿನ್ ಶಬ್ದದಿಂದಲೇ ದಾರಿ ಕಾಣುತ್ತದೆ, ಶಬ್ದದಿಂದಲೇ ಮೀನು ಹುಡುಕುತ್ತದೆ, ಶಬ್ದದಿಂದಲೇ ಮರಿಯನ್ನು ಕರೆಯುತ್ತದೆ. ನಾಲ್ಕಾರು ದೋಣಿಗಳು ಎಂಜಿನ್ ಮೊರೆಸುತ್ತಾ ಸುತ್ತುವರಿದರೆ ಅದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ದೋಣಿಯವನನ್ನು ದೂರಬೇಡಿ. ಡಾಲ್ಫಿನ್ ಕಾಣದಿದ್ದರೆ ಹಣ ಕೊಡುವುದಿಲ್ಲವೆಂದು ಚೌಕಾಸಿ ಮಾಡುವವರು ನಾವು. ಆ ಹಣಕ್ಕಾಗಿ ಅವನು ಅಟ್ಟಿಸಿಕೊಂಡು ಹೋಗುತ್ತಾನೆ. ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಹಾಕಿ ಆಟವಾಡಿಸುವ ಕೇಂದ್ರಗಳಿಗೆ 2013ರಲ್ಲಿ ಕೇಂದ್ರ ಸರ್ಕಾರ ಅವಕಾಶ ನಿರಾಕರಿಸಿತು. ಕೊಳದಲ್ಲಿ ಬೇಡವೆಂದದ್ದನ್ನು ಕಡಲಿನಲ್ಲಿಯೇ ಮಾಡಿದರೆ ಏನು ಹೇಳೋಣ?

ಪವಿತ್ರ ಗ್ರಂಥದಲ್ಲಿ ಕಡಲಿನ ಮಹಾಜೀವಿಗಳ ಸ್ಥಾನವೇ ಬೇರೆ. 104ನೆಯ ಕೀರ್ತನೆಯಲ್ಲಿ ಲೆವಿಯಾತಾನ್ ಕಡಲಿನಲ್ಲಿ ಆಡಲೆಂದೇ ದೇವರು ಉಂಟುಮಾಡಿದ ಜೀವಿ. ಆ ಆಟಕ್ಕೆ ನಾವು ಪ್ರೇಕ್ಷಕರೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಯೋಬನಿಗೆ ದೇವರು ಅದನ್ನು ಗಾಳದಲ್ಲಿ ಹಿಡಿಯಬಲ್ಲೆಯಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ. ಇನ್ನು ಯೋನನ ಕಥೆಯಲ್ಲಂತೂ ದೇವರ ಮಾತನ್ನು ಕೇಳಿದ್ದು ಮೀನು, ಓಡಿಹೋದದ್ದು ಪ್ರವಾದಿ!

ಈ ಅರಬ್ಬೀ ಸಮುದ್ರದಲ್ಲಿಯೇ ಇನ್ನೊಂದು ಜೀವಿ ಇದೆ. ಬೇರೆ ಕಡಲುಗಳ ಹಂಪ್‌ಬ್ಯಾಕ್ ತಿಮಿಂಗಿಲಗಳು ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಇಲ್ಲಿಯವು ಹೋಗುವುದಿಲ್ಲ, ಈ ಕಡಲನ್ನೇ ನಂಬಿ ಬದುಕುತ್ತವೆ. 1966ರಲ್ಲಿ ಸೋವಿಯತ್ ಬೇಟೆ ಹಡಗುಗಳು ಕಾನೂನು ಮೀರಿ ಇವುಗಳಲ್ಲಿ 240ರಷ್ಟನ್ನು ಕೊಂದವು. ಆ ಸಂಗತಿ ಹೊರಬಿದ್ದದ್ದು ಮೂರು ದಶಕಗಳ ನಂತರ. ಒಮಾನ್ ತೀರದಲ್ಲಿ ಈಗ ಅವು ನೂರಕ್ಕಿಂತಲೂ ಕಡಿಮೆ ಎಂದು ಅಂದಾಜು. ಇದೆಲ್ಲ ದೂರದ ಮಾತೆನ್ನಬೇಡಿ. 2021ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪೊಲೀಸರು ಕೋಟಿಗಟ್ಟಲೆ ಬೆಲೆಯ ಅಂಬರ್‌ಗ್ರೀಸ್, ಅಂದರೆ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ಗಟ್ಟಿ ಪದಾರ್ಥವನ್ನು, ಕಳ್ಳಮಾರಾಟಗಾರರಿಂದ ವಶಪಡಿಸಿಕೊಂಡರು. ಕಡಲಿಲ್ಲದ ಊರಿಗೂ ತಿಮಿಂಗಿಲ ಬಂದಿತು, ಸರಕಾಗಿ.

ಇನ್ನು ಪಾನೀಯದ ವಿಷಯ. ಇದನ್ನೆತ್ತಿದರೆ ಕಾನಾ ಊರಿನ ಮದುವೆಯನ್ನು ನೆನಪಿಸುವವರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಕಾನಾದಲ್ಲಿ ಯೇಸುಸ್ವಾಮಿ ದ್ರಾಕ್ಷಾರಸ ಕೊಟ್ಟದ್ದು ಒಂದು ಬಡ ಮನೆಯ ಮಾನ ಉಳಿಯಲೆಂದು, ತಾಯಿ ಮರಿಯಳ ಮಾತಿಗೆ ಓಗೊಟ್ಟು. ಟಿಕೇಟಿನೊಂದಿಗೆ ಎರಡು ಗ್ಲಾಸು ಉಚಿತ ಎನ್ನುವುದಕ್ಕೆ ಆ ಅದ್ಭುತವನ್ನು ಸಾಕ್ಷಿಗೆ ಕರೆಯುವುದು ಸರಿಯಲ್ಲ. ಮಕ್ಕಳ ಎದುರಿಗೆ, ಕಡಲಿನ ಮೇಲೆ, ಕತ್ತಲಾಗುವ ಹೊತ್ತಿಗೆ ಕುಡಿಯುವ ತಂದೆಯನ್ನು ಯಾವ ಶುಭಸಂದೇಶವೂ ಸಮರ್ಥಿಸದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಮಂದಿ, ಅವರಲ್ಲಿ ಅನೇಕ ಮಕ್ಕಳು, ಪ್ರಾಣ ಬಿಟ್ಟರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು. ಅದರಲ್ಲಿಯೂ ಮಿತಿಮೀರಿದ ಜನ. ಜೀವರಕ್ಷಕ ಅಂಗಿ ಎಲ್ಲಿದೆ, ಎಷ್ಟು ಜನರಿಗೆ ಪರವಾನಗಿ ಇದೆ ಎಂದು ದೋಣಿ ಹತ್ತುವ ಮುನ್ನ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಸೂರ್ಯಾಸ್ತ ನಮ್ಮ ಪೂರ್ವಿಕರಿಗೆ ತ್ರಿಕಾಲ ಪ್ರಾರ್ಥನೆಯ ಗಂಟೆಯ ಹೊತ್ತಾಗಿತ್ತೆಂಬುದನ್ನು ಇಲ್ಲಿ ಬೆಳೆಸುವುದಿಲ್ಲ.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದಿತು. ಹಾಗೆ ಕೇಳಲು ಐನೂರು ಕಿಲೋಮೀಟರ್ ಹೋಗಬೇಕಿಲ್ಲ. ಬಾಪೂಜಿ ನಗರದಿಂದ ಮೈಸೂರು ರಸ್ತೆಗೆ ಇಳಿದರೆ ಸಾಕು, ವೃಷಭಾವತಿ ಇದ್ದಾಳೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಜನ ಪೂಜಿಸಿದ ಹೊಳೆಯನ್ನು ಇಂದು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಅದರಲ್ಲಿ ಹರಿಯುವುದು ನಮ್ಮ ಬಚ್ಚಲ ನೀರು, ಕಾರ್ಖಾನೆಗಳ ಕೊಳೆ. ಅದು ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಹಾಳುಮಾಡಿ, ರೈತರ ಹೊಲಗಳಿಗೆ ಹರಿದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕಾವೇರಿ ಹೋಗುವುದು ಕಡಲಿಗೇ.

ಮುಂದಿನ ವಾರ್ಷಿಕ ಪ್ರವಾಸಕ್ಕಾಗಿ ಸಮಿತಿ ಸೇರಿದಾಗ ಕಾರವಾರವೇ ಬೇಕೆಂದು ತೀರ್ಮಾನವಾದರೆ ಆಗಲಿ. ಆದರೆ ಹೊರಡುವ ಮುನ್ನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಯುವಜನರೂ ಹಿರಿಯರೂ ವೃಷಭಾವತಿಯ ದಡದವರೆಗೆ ನಡೆದು ನಮ್ಮ ಬೀದಿಯ ಚರಂಡಿ ಎಲ್ಲಿ ಅದನ್ನು ಸೇರುತ್ತದೆಂದು ನೋಡಿ ಬರಲಿ. ಕಾರವಾರ ಮುಟ್ಟಿದ ಮೇಲೆ ದೋಣಿಯ ಹಣವನ್ನು ಮುಂಚೆಯೇ ಪೂರ್ತಿ ಕೊಟ್ಟು, ಡಾಲ್ಫಿನ್ ಕಂಡರೆ ಎಂಜಿನ್ ನಿಲ್ಲಿಸಿ ದೂರದಲ್ಲಿಯೇ ಇರಿ, ಕಾಣದಿದ್ದರೂ ಚಿಂತೆಯಿಲ್ಲ ಎಂದು ದೋಣಿಯವನಿಗೆ ಹೇಳಲಿ.